ಅರ್ಧ ಸರಿ, ಯಾವುದರಲ್ಲಿ ಅರ್ಧ?

ಸರ್ಜರಿ ಬೇಕಾ ಬೇಡವಾ ಅಂತ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಎದೆಯಲ್ಲಿ ಕ್ಯಾನ್ಸರ್ ಗಂಟು ಇತ್ತು, ತೆಗೆಯಬೇಕು ಅಂದರು, ತೆಗೆಸಿಕೊಂಡೆ. ರೇಡಿಯೇಷನ್‌ಗೂ ಹಾಗೇ ಹೋಗಿ ಬಂದೆ. ಎಲ್ಲ ಮುಗಿಯಿತು, ಅಂತೂ ಪಾರಾದೆ ಅಂದುಕೊಳ್ಳುವ ಹೊತ್ತಿಗೆ ಅದು ಮತ್ತೆ ಬರದಿರಲಿ ಅಂತ ಡಾಕ್ಟರು ಒಂದು ಮಾತ್ರೆ ಬರೆದರು. ಲೆಟ್ರೋಜೋಲ್, 2.5 ಮಿಲಿಗ್ರಾಂ. ದಿನಕ್ಕೊಂದು, 5 ವರ್ಷ. ಅಲ್ಲಿ ನಾನು ಹಿಂದೇಟು ಹಾಕಿದೆ.

ಗಂಟು ಇದ್ದಾಗ ಅದು ಕೈಗೆ ಸಿಗುತ್ತಿತ್ತು, ಸ್ಕ್ಯಾನಿನಲ್ಲಿ ಕಾಣುತ್ತಿತ್ತು. ಈಗ ಎಲ್ಲ ರಿಪೋರ್ಟೂ ಕ್ಲೀನ್. ಇಲ್ಲದ ಕಾಯಿಲೆಗೆ 5 ವರ್ಷ ಮಾತ್ರೆ ನುಂಗುವುದು ಅಂದರೆ ಏನು? ಅದೂ ಬೆರಳಿನ ಕೀಲು ಹಿಡಿದುಕೊಳ್ಳಬಹುದು ಅಂತ ಡಬ್ಬಿಯೊಳಗಿನ ಕಾಗದದಲ್ಲೇ ಅಚ್ಚಾಗಿರುವ ಮಾತ್ರೆ. ನಾನು ಟೈಲರ್. ಬಟ್ಟೆ ಹೊಲಿದೇ ಸಂಸಾರ ತೂಗಿಸಿದವಳು. ಮೆಷಿನ್ ಓಡಿಸಲು ಮೋಟರಾದರೂ ಇದೆ. ಕಾಜಾ ಕಟ್ಟಲು, ಅಂಚು ಮಡಚಿ ಕೈಹೊಲಿಗೆ ಹಾಕಲು ಬೆರಳೇ ಬೇಕು, ಅಲ್ವಾ?

ಮನೆಯಲ್ಲಿ ಯಾರಿಗೂ ಇದೊಂದು ಯೋಚಿಸುವ ವಿಷಯ ಅಂತಲೇ ಅನ್ನಿಸಲಿಲ್ಲ. ನಮ್ಮವರು, ‘ಡಾಕ್ಟರೇ ಬರೆದುಕೊಟ್ಟಿದ್ದಾರಲ್ಲ, ತಗೊಂಡುಬಿಡು’ ಅಂದರು. ಅಕ್ಕ ಫೋನ್ ಮಾಡಿ, ‘ಹಾರ್ಮೋನ್ ಮಾತ್ರೆಯಿಂದಲೇ ಕ್ಯಾನ್ಸರ್ ಬರುತ್ತೆ ಅಂತಾರಲ್ಲೇ, ನಿನಗೆ ಅದನ್ನೇ ಕೊಡ್ತಿದ್ದಾರಾ?’ ಅಂತ ಗಾಬರಿಯಾದಳು. ಅವಳು ಹೇಳುತ್ತಿದ್ದದ್ದು ಮುಟ್ಟು ನಿಂತ ಮೇಲಿನ ತೊಂದರೆಗೆ ಕೆಲವರು ತೆಗೆದುಕೊಳ್ಳುವ ಮಾತ್ರೆ. ಅದು ಮೈಗೆ ಹಾರ್ಮೋನ್ ಕೊಡುತ್ತದೆ. ನನಗೆ ಬರೆದದ್ದು ಹಾರ್ಮೋನ್ ತಡೆಯುವ ಮಾತ್ರೆ. ಎರಡೂ ಪೂರ್ತಿ ಉಲ್ಟಾ. ಅಕ್ಕನಿಗೆ ಇದನ್ನು ಹೇಳಬೇಕಾದರೆ ಮೊದಲು ನನಗೇ ಅರ್ಥವಾಗಬೇಕಿತ್ತು. ಹಾಗಾಗಿ ಕೂತು ಓದಿದೆ, ಮಗಳನ್ನೂ ಕೂರಿಸಿಕೊಂಡೆ.

ನನ್ನ ರಿಪೋರ್ಟ್ ಹೀಗಿತ್ತು. ವಯಸ್ಸು 57, ಮುಟ್ಟು ನಿಂತು ವರ್ಷಗಳಾಗಿವೆ. ಗಂಟು 1.4 ಸೆಂಟಿಮೀಟರ್, ಗ್ರೇಡ್ 2, ಅಂದರೆ ಕಣಗಳ ಉಗ್ರತೆ ಮಧ್ಯಮ. ಕಂಕುಳಿನ ಗ್ರಂಥಿಗಳಿಗೆ ಹರಡಿಲ್ಲ. ಕ್ಯಾನ್ಸರ್ ಕಣ ಬೆಳೆಸುವ ಹರ್-2 ಅನ್ನುವ ಪ್ರೋಟೀನ್ ನೆಗೆಟಿವ್. ಈಸ್ಟ್ರೋಜೆನ್ ರಿಸೆಪ್ಟರ್ 90 ಪರ್ಸೆಂಟ್ ಪಾಸಿಟಿವ್. ಈ ಕೊನೆಯ ಸಾಲಿನಿಂದಲೇ ಮಾತ್ರೆ ಬಂದದ್ದು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 70ರಿಂದ 80 ಈ ಜಾತಿಯವು. ಅಂಥ ಕ್ಯಾನ್ಸರ್ ಕಣದ ಮೇಲೆ ಈಸ್ಟ್ರೋಜೆನ್ ಅನ್ನುವ ಹೆಣ್ಣು ಹಾರ್ಮೋನ್ ಬಂದು ಅಂಟಿಕೊಳ್ಳುವ ಜಾಗ ಇರುತ್ತದೆ. ಅಂಟಿಕೊಂಡರೆ ಕಣ ಬೆಳೆಯುತ್ತದೆ. ಟ್ಯಾಮೋಕ್ಸಿಫೆನ್ ಅನ್ನುವ ಹಳೆಯ ಮಾತ್ರೆ ಆ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಈ ಮೂರರ ದಾರಿ ಬೇರೆ. ಮುಟ್ಟು ನಿಂತ ಮೇಲೂ ಮೈಯಲ್ಲಿ ಸ್ವಲ್ಪ ಈಸ್ಟ್ರೋಜೆನ್ ತಯಾರಾಗುತ್ತಲೇ ಇರುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೊಡುವ ಸರಕನ್ನು ಕೊಬ್ಬಿನಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಈಸ್ಟ್ರೋಜೆನ್ ಮಾಡುತ್ತದೆ. ಈ ಮಾತ್ರೆಗಳು ಆ ಕಿಣ್ವವನ್ನೇ ನಿಲ್ಲಿಸುತ್ತವೆ. ಅಂಡಾಶಯ ಇನ್ನೂ ಕೆಲಸ ಮಾಡುತ್ತಿರುವ ಹೆಂಗಸರಿಗೆ ಇವನ್ನಷ್ಟೇ ಕೊಟ್ಟರೆ ಸಾಲದು. ಅಂಡಾಶಯವನ್ನೂ ಇಂಜೆಕ್ಷನ್ ಕೊಟ್ಟು ಸುಮ್ಮನಾಗಿಸಬೇಕು.

ಈ ವಿದ್ಯೆ ಹೊಸದೇನಲ್ಲ. 1896ರಲ್ಲೇ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಅನ್ನುವ ಸರ್ಜನ್, ಅಂಡಾಶಯ ತೆಗೆದರೆ ಕೆಲವರ ಸ್ತನದ ಗಡ್ಡೆ ಕರಗುತ್ತದೆ ಅಂತ ಬರೆದಿದ್ದರು. ಈಸ್ಟ್ರೋಜೆನ್ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲ ಅದು. ಟ್ಯಾಮೋಕ್ಸಿಫೆನ್ ಕಥೆ ಇನ್ನೂ ತಮಾಷೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅದನ್ನು ತಯಾರಿಸಿದ್ದು ಗರ್ಭ ತಡೆಯುವ ಮಾತ್ರೆ ಹುಡುಕುವಾಗ. ಆ ಕೆಲಸಕ್ಕೆ ಅದು ಬರಲಿಲ್ಲ, ಹೆಂಗಸರಲ್ಲಿ ಅಂಡ ಬಿಡುಗಡೆಯನ್ನೇ ಜಾಸ್ತಿ ಮಾಡಿತು.

ಸರಿ, ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಯಿತು. ನನಗೆ ಬೇಕಾ?

‘ಮತ್ತೆ ಬರುವ ಸಾಧ್ಯತೆ ಅರ್ಧಕ್ಕೆ ಇಳಿಯುತ್ತೆ ಅಮ್ಮ’ ಅಂದಿದ್ದರು ಡಾಕ್ಟರು. ಮಾತು ಸುಳ್ಳಲ್ಲ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಕ್ಸ್‌ಫರ್ಡ್‌ನವರ ದೊಡ್ಡ ವಿಶ್ಲೇಷಣೆಯಲ್ಲಿ, 5 ವರ್ಷ ಟ್ಯಾಮೋಕ್ಸಿಫೆನ್ ತೆಗೆದುಕೊಂಡವರಿಗೆ ಆ 5 ವರ್ಷಗಳಲ್ಲಿ ಕಾಯಿಲೆ ಮರಳುವುದು ಸುಮಾರು ಅರ್ಧ ಕಡಿಮೆಯಾಗಿತ್ತು. ಮಾತ್ರೆ ನಿಲ್ಲಿಸಿದ ಮುಂದಿನ 5 ವರ್ಷದಲ್ಲೂ ಸುಮಾರು ಮೂರನೇ ಒಂದು ಪಾಲು ಕಡಿಮೆ. 2015ರ ಇನ್ನೊಂದು ವಿಶ್ಲೇಷಣೆ ನನ್ನಂಥ ಮುಟ್ಟು ನಿಂತವರದ್ದು. ಲೆಟ್ರೋಜೋಲ್ ಜಾತಿಯ ಮಾತ್ರೆ ಟ್ಯಾಮೋಕ್ಸಿಫೆನ್‌ಗಿಂತಲೂ ಒಂದು ಕೈ ಮೇಲು ಅಂತ ಅದರಲ್ಲಿದೆ. ಏನೂ ತೆಗೆದುಕೊಳ್ಳದಿರುವುದಕ್ಕೆ ಹೋಲಿಸಿದರೆ, 10 ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವವರು ಸುಮಾರು 40 ಪರ್ಸೆಂಟ್ ಕಡಿಮೆ.

ಆದರೆ ಅರ್ಧ ಅನ್ನುವುದು ಎಲ್ಲರ ಸರಾಸರಿಗೆ ಹೊಲಿದ ಬಟ್ಟೆ. ನನ್ನ ಅಳತೆಗೆ ಅದು ಎಷ್ಟು ಬರುತ್ತದೆ ಅಂತ ನೋಡಬೇಡವಾ? ಮತ್ತೆ ಬರುವ ಅಪಾಯ ನೂರಕ್ಕೆ 40 ಇರುವವರಿಗೆ ಅರ್ಧ ಅಂದರೆ 20 ಜನ ಉಳಿದುಕೊಂಡ ಹಾಗೆ. ನೂರಕ್ಕೆ 6 ಇರುವವರಿಗೆ 3. ಮಾತ್ರೆ ಅದೇ, ಕೀಲು ನೋವೂ ಅದೇ. ಬರುವ ಲಾಭ ಮಾತ್ರ ಅಜಗಜಾಂತರ.

ಮುಂದಿನ ಸಲ ಹೋದಾಗ ಕೇಳಿಯೇಬಿಟ್ಟೆ. ‘ಮೇಡಂ, ಅರ್ಧ ಸರಿ. ನನಗೆ ಯಾವುದರಲ್ಲಿ ಅರ್ಧ?’ ಅವರು ಒಂದು ಕ್ಷಣ ನನ್ನ ಮುಖ ನೋಡಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಕೇಂಬ್ರಿಡ್ಜ್‌ನವರೂ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯವರೂ ಸೇರಿ ಮಾಡಿರುವ ಪ್ರೆಡಿಕ್ಟ್ ಅನ್ನುವ ಲೆಕ್ಕದ ಪುಟ ಅದು. ಯಾರು ಬೇಕಾದರೂ ಸುಮ್ನೆ ತೆರೆದು ನೋಡಬಹುದು. ಆದರೆ ಡಾಕ್ಟರ ಪಕ್ಕ ಕೂತು ನೋಡುವುದೇ ಒಳ್ಳೆಯದು. ವಯಸ್ಸು, ಗಂಟಿನ ಅಳತೆ, ಗ್ರೇಡ್, ಗ್ರಂಥಿಗಳ ಲೆಕ್ಕ ಎಲ್ಲ ತುಂಬಿದರು. ನನ್ನಂಥ ನೂರು ಜನರಲ್ಲಿ, 15 ವರ್ಷದ ಹೊತ್ತಿಗೆ ಈ ಮಾತ್ರೆಯಿಂದಾಗಿ ಹೆಚ್ಚಿಗೆ ಬದುಕಿರುವವರು ಎರಡು ಮೂರು ಜನ ಅಂತ ಬಂತು.

ಎರಡು ಮೂರು! ಇಷ್ಟಕ್ಕಾ ಇಷ್ಟೆಲ್ಲ ರಗಳೆ ಅನ್ನಿಸಿತು. ಡಾಕ್ಟರಿಗೆ ನನ್ನ ಮುಖದಲ್ಲೇ ಅದು ಕಂಡಿರಬೇಕು. ‘ಇದು ಸಾವಿನ ಲೆಕ್ಕ ಮಾತ್ರ, ಕಾಯಿಲೆ ಮರಳುವ ಲೆಕ್ಕ ಇದರಲ್ಲಿಲ್ಲ’ ಅಂದರು. ಮರಳಿದರೂ ಚಿಕಿತ್ಸೆ ಪಡೆದು ವರ್ಷಗಟ್ಟಲೆ ಬದುಕುವವರಿದ್ದಾರೆ. ಅವರು ಈ ಪುಟದಲ್ಲಿ ಬದುಕಿರುವವರ ಸಾಲಿಗೇ ಸೇರುತ್ತಾರೆ. ಆದರೆ ಮತ್ತೆ ಬಯಾಪ್ಸಿ, ಮತ್ತೆ ಆಪರೇಷನ್, ಪ್ರಾಯಶಃ ಕೀಮೋ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರೆಯ ಪಾಲು ದೊಡ್ಡದಾಗುತ್ತದೆ. ಇನ್ನೊಂದು ಕಡೆಯ ಎದೆಯಲ್ಲಿ ಹೊಸದಾಗಿ ಹುಟ್ಟುವುದನ್ನೂ ಇದು ಕಡಿಮೆ ಮಾಡುತ್ತದೆ.

ನನ್ನ ಮನಸ್ಸು ತಿರುಗಿಸಿದ್ದು ಮಾತ್ರ ಬೇರೆ ವಿಷಯ. ನನ್ನ ಜಾತಿಯ ಕ್ಯಾನ್ಸರ್‌ಗೆ ತಾಳ್ಮೆ ಜಾಸ್ತಿ. ಐದು ವರ್ಷ ದಾಟಿದರೆ ಗೆದ್ದ ಹಾಗೆ ಅಂತ ನಾನು ನಂಬಿಕೊಂಡಿದ್ದೆ, ಎಲ್ಲರೂ ಹಾಗೇ ಹೇಳುತ್ತಾರೆ. 2017ರ ಅಧ್ಯಯನವೊಂದು, 5 ವರ್ಷ ಹಾರ್ಮೋನ್ ತಡೆ ಮಾತ್ರೆ ಮುಗಿಸಿ ಆರಾಮಾಗಿದ್ದವರನ್ನು 20ನೇ ವರ್ಷದವರೆಗೆ ನೋಡಿದೆ. ಗಂಟು 2 ಸೆಂಟಿಮೀಟರಿನೊಳಗೆ, ಗ್ರಂಥಿಗೆ ಹರಡಿಲ್ಲ ಅನ್ನುವ ಅತಿ ಹಗುರದ ಗುಂಪಿನಲ್ಲೂ ನೂರಕ್ಕೆ ಸುಮಾರು 13 ಜನರಿಗೆ ಆ 15 ವರ್ಷದಲ್ಲಿ ಅದು ದೂರದ ಅಂಗಕ್ಕೆ ಮರಳಿತ್ತು. ಅವರೆಲ್ಲ ಹಿಂದಿನ ಕಾಲದ ಚಿಕಿತ್ಸೆ ಪಡೆದವರು, ಈಗಿನವರಿಗೆ ಇದಕ್ಕಿಂತ ಕಡಿಮೆ ಇರಬಹುದು ಅಂತ ಬರೆದವರೇ ಹೇಳಿದ್ದಾರೆ. ಇರಲಿ. ಆದರೂ ಆ ಕಣಗಳು ಎಲ್ಲೋ ಸುಮ್ಮನೆ ಕೂತಿರುವುದು ಸಾಧ್ಯ, ಯಾವ ಸ್ಕ್ಯಾನಿಗೂ ಸಿಗದೆ. ‘ಇಲ್ಲದ ಕಾಯಿಲೆ’ ಅನ್ನುವ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು.

ರೇಡಿಯೇಷನ್ ಸರದಿಗೆ ಕಾಯುವ ಬೆಂಚಿನಲ್ಲಿ ಇಬ್ಬರು ಪರಿಚಯವಾಗಿದ್ದರು. ಒಬ್ಬಳು ಇನ್ನೂ 36ರ ಹುಡುಗಿ. ನಾಲ್ಕು ಗ್ರಂಥಿಗೆ ಹರಡಿತ್ತು, ಕೀಮೋ ಮುಗಿಸಿ ಬಂದಿದ್ದಳು. ಅವಳ ಅರ್ಧ ನನ್ನ ಅರ್ಧಕ್ಕಿಂತ ಎಷ್ಟೋ ದೊಡ್ಡದು. ಮಾತ್ರೆ ಬೇಕಾ ಅನ್ನುವ ಪ್ರಶ್ನೆ ಅವಳಿಗೆ ಇರಲಿಲ್ಲ. ಅವಳ ಸಂಕಟ ಬೇರೆ. ‘ಆಂಟಿ, ಐದು ವರ್ಷ ಆಗೋಷ್ಟರಲ್ಲಿ ನನಗೆ ಮಗು ಆಗೋ ವಯಸ್ಸು ದಾಟಿರುತ್ತೆ’ ಅನ್ನುತ್ತಿದ್ದಳು. ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡು, ಮಗುವಿಗಾಗಿ ಎರಡು ವರ್ಷದವರೆಗೆ ಬಿಟ್ಟು, ಮತ್ತೆ ಶುರು ಮಾಡಿದವರ ಅಧ್ಯಯನ 2023ರಲ್ಲಿ ಬಂದಿದೆ. ಸುಮಾರು 3 ವರ್ಷ ನೋಡಿದಾಗ ಹಾಗೆ ಬಿಟ್ಟವರಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ ಕಾಣಲಿಲ್ಲವಂತೆ. ಅವಳ ಡಾಕ್ಟರು ಅದನ್ನೇ ತೋರಿಸಿ, ಆದರೆ ಆ ಅಧ್ಯಯನದಲ್ಲಿದ್ದವರು ಹೆಚ್ಚಾಗಿ ನಿನಗಿಂತ ಹಗುರ ಕಾಯಿಲೆಯವರು ಅಂತಲೂ ಹೇಳಿದ್ದರು. ಇನ್ನೊಬ್ಬರು 81ರ ಅಜ್ಜಿ. ಹೃದಯದ ತೊಂದರೆ, ಎರಡು ಸಲ ಬಿದ್ದು ಮೂಳೆ ಮುರಿದುಕೊಂಡಿದ್ದರು. ‘ನನಗೆ ಬೇಡ ಬಿಡಮ್ಮ’ ಅಂದರು, ಅವರ ಡಾಕ್ಟರೂ ಒಪ್ಪಿದರು. ನನಗೂ ಅದೇ ಸರಿ ಅನ್ನಿಸಿತು. ಡಾಕ್ಟರ ಮಾತು ಮೀರಿದ್ದಲ್ಲ ಅದು, ಲೆಕ್ಕ ಹಾಕಿ ಬೇಡ ಅಂದದ್ದು.

ಸೈಡ್ ಎಫೆಕ್ಟ್ ವಿಷಯಕ್ಕೆ ಬರೋಣ. ಟ್ಯಾಮೋಕ್ಸಿಫೆನ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸ್ವಲ್ಪ ಜಾಸ್ತಿಯಾಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಆ ವಾರವೇ ಹೋಗಿ ತೋರಿಸಬೇಕು. ಮೂಳೆಗೆ ಮಾತ್ರ ಮುಟ್ಟು ನಿಂತವರಲ್ಲಿ ಅದು ಒಳ್ಳೆಯದೇ ಮಾಡುತ್ತದೆ. ನನ್ನ ಕಾಲಿನಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದ್ದರಿಂದ ಅದು ನನಗೆ ಆಗದು ಅಂದರು. ಲೆಟ್ರೋಜೋಲ್ ಜಾತಿಯದ್ದು ಉಲ್ಟಾ. ಹೆಪ್ಪುಗಟ್ಟುವ, ಗರ್ಭಕೋಶದ ಭಯ ಕಡಿಮೆ. ಕೀಲು ನೋವು, ಮೂಳೆ ಸವೆತ ಜಾಸ್ತಿ. ಮೈ ಬಿಸಿಯೇರಿ ಬೆವರುವುದು ಎರಡರಲ್ಲೂ ಉಂಟು. ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ. ಪ್ಯಾರೊಕ್ಸೆಟಿನ್, ಫ್ಲೂಒಕ್ಸೆಟಿನ್‌ನಂಥವು ಟ್ಯಾಮೋಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಎರಡನ್ನೂ ಬರೆಯುವ ಡಾಕ್ಟರುಗಳು ಬೇರೆ ಬೇರೆ ಆಗಿದ್ದರೆ ಒಬ್ಬರದ್ದು ಇನ್ನೊಬ್ಬರಿಗೆ ನಾವೇ ಹೇಳಬೇಕು.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದಿದೆ. ಯೋನಿ ಒಣಗುತ್ತದೆ. ಗಂಡನ ಜೊತೆ ಸೇರುವುದು ಬಿಡಿ, ಕೂತು ಮೆಷಿನ್ ತುಳಿದರೂ ಉರಿ. ಇದನ್ನು ನಾನೇ ಕೇಳಿದೆ, ಡಾಕ್ಟರು ಹೆಂಗಸಾದ್ದರಿಂದ ಕೇಳುವುದು ಸುಲಭವಾಯಿತು. ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಇದೆ, ಅದನ್ನೇ ಮೊದಲು ನೋಡುವುದಂತೆ. ಅದಕ್ಕೂ ಬಗ್ಗದಿದ್ದರೆ ಮುಂದಿನದು ಅವರನ್ನು ಕೇಳಿಯೇ ಮಾಡಬೇಕು. ಅಂಗಡಿಯಲ್ಲಿ ಸಿಕ್ಕಿತು ಅಂತ ಈಸ್ಟ್ರೋಜೆನ್ ಕ್ರೀಮ್ ಹಚ್ಚಿಕೊಳ್ಳುವ ಹಾಗಿಲ್ಲ.

ಕೊನೆಗೆ ಡಾಕ್ಟರಿಗೂ ನನಗೂ ಒಂದು ಒಪ್ಪಂದವಾಯಿತು. 5 ವರ್ಷಕ್ಕೆ ನಾನು ಹೂಂ ಅನ್ನಲಿಲ್ಲ, 3 ತಿಂಗಳಿಗೆ ಅಂದೆ. ಆಮೇಲೆ ಬೆರಳು ಏನು ಹೇಳುತ್ತದೋ ನೋಡೋಣ. ಬಿಡುವುದಾದರೆ ಹೇಳಿಯೇ ಬಿಡಬೇಕು, ಅದು ಅವರ ಷರತ್ತು. ಎಷ್ಟೋ ಜನ 5 ವರ್ಷ ಪೂರ್ತಿ ಮಾಡುವುದಿಲ್ಲ. ಹೇಳದೆ ಬಿಟ್ಟು, ಕೇಳಿದಾಗ ತಗೊಳ್ತಿದ್ದೀನಿ ಅಂದುಬಿಡುತ್ತಾರಂತೆ. ಆಗ ಬೇರೆ ಮಾತ್ರೆ ಕೊಟ್ಟು ನೋಡುವ ಅವಕಾಶವೂ ಕೈತಪ್ಪುತ್ತದೆ. ಶುರು ಮಾಡುವ ಮೊದಲೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಮೂಳೆ ಸ್ವಲ್ಪ ತೆಳುವಾಗಿದೆ ಅಂತ ಬಂತು. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಸೇರಿದವು.

ಮೊದಲ ತಿಂಗಳು ಏನೂ ಇಲ್ಲ. ಇಷ್ಟೇನಾ ಅಂದುಕೊಂಡೆ. ಎರಡನೇ ತಿಂಗಳಲ್ಲಿ ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ನಾಲ್ಕು ಬೆರಳೂ ಅರ್ಧ ಬಾಗಿ ನಿಂತುಬಿಡುತ್ತಿದ್ದವು. ಬಲಗೈ ಹೆಬ್ಬೆರಳು ಮಡಚಿದರೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಡಗೈಯಿಂದ ಎಳೆದರೆ ಟಕ್ ಅಂತ ಸದ್ದು ಮಾಡಿ ಬಿಡಿಸಿಕೊಳ್ಳುತ್ತಿತ್ತು. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು, ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಂದು ತಾಸಿಗೆ ಕತ್ತರಿ ಹಿಡಿಯಲು ಬರುತ್ತಿತ್ತು. ಬಾಬಿನ್ ಕೇಸನ್ನು ಒಳಗೆ ಕೂರಿಸುವಾಗ ಅದರ ಪುಟ್ಟ ನಾಲಿಗೆಯನ್ನು ಉಗುರಿನಿಂದ ಎತ್ತಿ ಹಿಡಿಯಬೇಕಲ್ಲ, ಅಲ್ಲಿ ಸೋಲುತ್ತಿದ್ದೆ. ಕಾಜಾ ಕೆಲಸವನ್ನು ಹೊರಗೆ ಕೊಡಲು ಶುರು ಮಾಡಿದೆ. ಅವರು ಕಟ್ಟಿದ್ದು ನನಗೆ ಒಂದೂ ಹಿಡಿಸಲಿಲ್ಲ, ಅದು ಬೇರೆ ಮಾತು.

ಹೇಳಿದ ಹಾಗೆ ಹೋಗಿ ಹೇಳಿದೆ. ಡಾಕ್ಟರು ಹೆದರಿಸಲಿಲ್ಲ. ಕೆಲವು ವಾರ ಬಿಡಿ ಅಂದರು. ಅಷ್ಟಕ್ಕೆ ಏನೂ ಕೆಟ್ಟದಾಗುವುದಿಲ್ಲ ಅನ್ನುವುದಕ್ಕೆ ಅವರ ಹತ್ತಿರ ಆಧಾರವೂ ಇತ್ತು. ನಾಲ್ಕಾರು ವರ್ಷ ಮಾತ್ರೆ ಮುಗಿಸಿದ ಮೇಲೂ ಮುಂದುವರಿಸಿದ ಹೆಂಗಸರಲ್ಲಿ ಕೆಲವರಿಗೆ ಲೆಟ್ರೋಜೋಲನ್ನು ವರ್ಷಕ್ಕೆ 3 ತಿಂಗಳು ಬಿಡಿಸಿ ನೋಡಿದ್ದಾರೆ. ಬಿಡದೆ ತೆಗೆದುಕೊಂಡವರಿಗಿಂತ ಅವರ ಫಲಿತಾಂಶ ಕೆಟ್ಟದಿರಲಿಲ್ಲ. ನನ್ನ ಕೈ ಆ ಬಿಡುವಿನಲ್ಲಿ ಸಡಿಲವಾಯಿತು. ನೋವು ಮಾತ್ರೆಯದ್ದೇ, ವಯಸ್ಸಿನದ್ದಲ್ಲ ಅಂತ ಖಾತ್ರಿಯಾಯಿತು. ಆಮೇಲೆ ಎಕ್ಸೆಮೆಸ್ಟೇನ್ ಬರೆದರು, 25 ಮಿಲಿಗ್ರಾಂ. ಒಂದು ಆಗದಿದ್ದವರಿಗೆ ಇನ್ನೊಂದು ಆಗಬಹುದು, ಆಗದೆಯೂ ಇರಬಹುದು.

ನನಗೆ ಪರವಾಗಿಲ್ಲ ಅನ್ನುವಷ್ಟು ಆಗಿದೆ. ಬೆಳಗಿನ ಬಿಗಿ ಇದೆ, ಟಕ್ ಅನ್ನುವುದು ನಿಂತಿದೆ. ದಿನಾ ಬೀಸು ನಡಿಗೆ, ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ. ಈ ಮಾತ್ರೆಯಿಂದ ಕೀಲು ನೋವು ಬಂದವರಿಗೆ ಇದರಿಂದ ನೋವು ಇಳಿಯುತ್ತದೆ ಅಂತ ಒಂದು ಅಧ್ಯಯನವೇ ಇದೆ. ನೋವಿರುವಾಗ ಭಾರ ಎತ್ತು ಅನ್ನುತ್ತಾರಲ್ಲ ಅಂತ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಮಾಡಿದೆ. ಕಾಜಾ ಮತ್ತೆ ನಾನೇ ಕಟ್ಟುತ್ತಿದ್ದೇನೆ, ಮಧ್ಯಾಹ್ನದ ಮೇಲೆ.

ಎಕ್ಸೆಮೆಸ್ಟೇನೂ ಆಗದೇ ಹೋಗಿದ್ದರೆ? ಅದನ್ನೂ ಡಾಕ್ಟರ ಎದುರೇ ಹೇಳಿದ್ದೆ. ನನ್ನ ಎರಡು ಮೂರಕ್ಕೆ ಎರಡೂ ಕೈ ಕೊಡಲಾರೆ, ಬಿಡುತ್ತೇನೆ ಅಂತ. ಅವರು ಬೇಡ ಅನ್ನಲಿಲ್ಲ. ಅದೇ ಬೆಂಚಿನ ಹುಡುಗಿ ಹೀಗಂದಿದ್ದರೆ ನಾನೇ ಅವಳನ್ನು ಬೈದು, ಇನ್ನೊಂದು ಮಾತ್ರೆ ನೋಡು ಅನ್ನುತ್ತಿದ್ದೆ.

ಐದು ವರ್ಷ ಮುಗಿದ ಮೇಲೆ ಮುಂದುವರಿಸುವುದಾ ಅನ್ನುವ ಪ್ರಶ್ನೆ ಇನ್ನೊಂದಿದೆ. ಆಸ್ಟ್ರಿಯಾದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ವರ್ಷದ ಮೇಲೆ ಇನ್ನೂ 2 ವರ್ಷ ತೆಗೆದುಕೊಂಡವರೂ ಇನ್ನೂ 5 ವರ್ಷ ತೆಗೆದುಕೊಂಡವರೂ ಒಂದೇ ಸಮ ಇದ್ದರು. ಮೂಳೆ ಮುರಿದದ್ದು ಮಾತ್ರ ಇನ್ನೂ 5 ವರ್ಷ ತೆಗೆದುಕೊಂಡವರಲ್ಲಿ ಜಾಸ್ತಿ. ಹಾಗಾಗಿ 10 ವರ್ಷ ಅಂದರೆ ನಾನಂತೂ ಒಪ್ಪುವುದಿಲ್ಲ. ಸದ್ಯಕ್ಕೆ ಎದುರಿಗಿರುವುದು ಮುಂದಿನ ಡೆಕ್ಸಾ. ಮೂಳೆ ಇನ್ನೂ ತೆಳುವಾಗಿದ್ದರೆ ಮೂಳೆ ಸವೆತ ತಡೆಯುವ ಜೊಲೆಡ್ರೋನಿಕ್ ಆ್ಯಸಿಡ್ ಇಂಜೆಕ್ಷನ್ ಬಗ್ಗೆ ಮಾತಾಡೋಣ ಅಂದಿದ್ದಾರೆ. ಅಳತೆ ಪುಸ್ತಕದ ಕೊನೆ ಹಾಳೆಯಲ್ಲಿ ಪ್ರಶ್ನೆ ಬರೆದಿಟ್ಟಿದ್ದೇನೆ. ಎಷ್ಟು ತಿಂಗಳಿಗೊಮ್ಮೆ? ಕಿಡ್ನಿ ಟೆಸ್ಟ್ ಮೊದಲು ಆಗಬೇಕಾ? ಅಲ್ಲಾಡುವ ದವಡೆ ಹಲ್ಲೊಂದಿದೆ, ಅದನ್ನು ಮೊದಲೇ ಕೀಳಿಸಿಕೊಂಡು ಬರಲಾ?